ತಾಲ್ಲೂಕು ಕಚೇರಿಯಿಂದ ವೀಸಾ ಕಿಟಕಿಯವರೆಗೆ

ತುಮಕೂರಿನಿಂದ ಉತ್ತರಕ್ಕೆ ಹೊರಟ ಬಸ್ಸು ಕೊರಟಗೆರೆ ದಾಟಿ ಮುಂದೆ ಸಾಗಿದಂತೆ ಮಧುಗಿರಿಯ ಬೆಟ್ಟ ಕಾಣಿಸಿಕೊಳ್ಳುತ್ತದೆ. ಏಷ್ಯಾದ ಅತಿ ದೊಡ್ಡ ಏಕಶಿಲಾ ಬೆಟ್ಟಗಳಲ್ಲಿ ಇದೂ ಒಂದು. ಸಮುದ್ರಮಟ್ಟದಿಂದ ಎತ್ತರ 3,930 ಅಡಿ. ಮೈತುಂಬ ಕೋಟೆಯ ಸಾಲು. ಕೆಳದಿಯ ರಾಣಿ ವೀರಮ್ಮಾಜಿಯನ್ನು ಹೈದರಾಲಿ ಸೆರೆಯಲ್ಲಿಟ್ಟಿದ್ದು ಇಲ್ಲೇ. 1767ರಲ್ಲಿ ಮರಾಠರು ಕೋಟೆ ಹಿಡಿದಾಗ ಆಕೆಗೆ ಬಿಡುಗಡೆಯಾಯಿತು.

ಬೆಟ್ಟ ಹತ್ತಲು ಬರುವವರಿಗಿಂತ ಹೆಚ್ಚಿನ ಜನ ಈ ಊರಿಗೆ ಬರುವುದು ಬೇರೊಂದು ಕಾರಣಕ್ಕೆ. ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳು ಸೇರಿದ ಕಂದಾಯ ಉಪವಿಭಾಗಕ್ಕೆ ಮಧುಗಿರಿಯೇ ಕೇಂದ್ರ. ಇದೇ ನಾಲ್ಕು ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯೂ ಆಗಿದೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ತುಮಕೂರಿನ ಜೊತೆಗೆ ಮಧುಗಿರಿಯ ಹೆಸರೂ ಪ್ರತ್ಯೇಕವಾಗಿ ಕೇಳಿಬರುವುದು ಅದಕ್ಕೇ.

ಕಡಲೆಕಾಯಿ, ರಾಗಿ, ಹುಣಸೆಯ ಈ ಬಯಲುಸೀಮೆಯಿಂದ ಓದಿ ಹೊರಟ ಮಕ್ಕಳು ಬೆಂಗಳೂರು ಮುಟ್ಟಿ, ಅಲ್ಲಿಂದ ಅಮೆರಿಕ, ಕೆನಡಾ, ಆಸ್ಟ್ರೇಲಿಯಾ ಮುಟ್ಟಿರುವುದು ಹೊಸ ಸಂಗತಿಯೇನಲ್ಲ. ಮಕ್ಕಳು ಹೋದ ಹತ್ತು ಹದಿನೈದು ವರ್ಷಕ್ಕೆ ಅಪ್ಪ ಮೇಷ್ಟರ ಕೆಲಸದಿಂದಲೋ ಬ್ಯಾಂಕಿನಿಂದಲೋ ನಿವೃತ್ತರಾಗುತ್ತಾರೆ. ‘ಇನ್ನು ಅಲ್ಲಿ ಇಬ್ಬರೇ ಏಕೆ, ಇಲ್ಲಿಗೇ ಬನ್ನಿ’ ಎಂದು ಫೋನು ಬರುತ್ತದೆ. ಆಗ ಬೀರುವಿನ ಮೇಲಿನ ಟ್ರಂಕು ಕೆಳಗಿಳಿಯುತ್ತದೆ. ಅದರೊಳಗಿನ ಕಾಗದಗಳಲ್ಲಿ ಒಂದರಂತೆ ಇನ್ನೊಂದಿಲ್ಲ ಎಂಬುದು ಗೊತ್ತಾಗುವುದೂ ಆಗಲೇ.

ನಿವೃತ್ತಿ ವೀಸಾ ಎಲ್ಲಿದೆ, ಎಲ್ಲಿಲ್ಲ

ಮೊದಲು ಒಂದು ತಪ್ಪು ತಿಳಿವಳಿಕೆ ದೂರವಾಗಬೇಕು. ‘ನಿವೃತ್ತಿ ವೀಸಾ’ ಎಂಬುದು ಎಲ್ಲ ದೇಶಗಳಲ್ಲಿ ಇಲ್ಲ. ನಮ್ಮ ಮಕ್ಕಳು ಹೆಚ್ಚಾಗಿ ನೆಲೆಸಿರುವ ದೇಶಗಳಲ್ಲಂತೂ ಅದು ಇಲ್ಲವೆಂದೇ ಹೇಳಬೇಕು. ಅಮೆರಿಕದಲ್ಲಿ ಅಂಥ ವೀಸಾ ಇಲ್ಲ. ಬ್ರಿಟನ್ ತನ್ನಲ್ಲಿದ್ದ ಯೋಜನೆಯನ್ನು 2008ರಲ್ಲೂ, ಆಸ್ಟ್ರೇಲಿಯಾ 2018ರಲ್ಲೂ ಹೊಸಬರಿಗೆ ಮುಚ್ಚಿದವು.

ಇರುವುದು ಥಾಯ್ಲೆಂಡ್, ಮಲೇಷ್ಯಾದಂಥ ದೇಶಗಳಲ್ಲಿ. ಥಾಯ್ಲೆಂಡಿನ ನಿವೃತ್ತಿ ವೀಸಾಕ್ಕೆ 50 ವರ್ಷ ತುಂಬಿರಬೇಕು. ಬ್ಯಾಂಕಿನಲ್ಲಿ 8 ಲಕ್ಷ ಬಾತ್ ಠೇವಣಿ ಇರಬೇಕು, ಇಲ್ಲವೇ ತಿಂಗಳಿಗೆ 65 ಸಾವಿರ ಬಾತ್ ಆದಾಯ ತೋರಿಸಬೇಕು. ಪೊಲೀಸರ ನಿರಾಕ್ಷೇಪಣಾ ಪತ್ರ, ಆರೋಗ್ಯ ವಿಮೆ ಹಾಗೂ ಕ್ಷಯ, ಕುಷ್ಠ, ಆನೆಕಾಲು ಮುಂತಾದ ರೋಗಗಳಿಲ್ಲವೆಂದು ವೈದ್ಯರು ಕೊಟ್ಟ ಪತ್ರ ಬೇಕು. 65 ಸಾವಿರ ಬಾತ್ ಎಂದರೆ ನಮ್ಮ ಲೆಕ್ಕದಲ್ಲಿ ಒಂದೂವರೆ ಲಕ್ಷ ರೂಪಾಯಿಗೂ ಹೆಚ್ಚು. ಹಳ್ಳಿ ಶಾಲೆಯಿಂದ ನಿವೃತ್ತರಾದ ಮೇಷ್ಟರ ಪಿಂಚಣಿ ಆ ಮಟ್ಟಕ್ಕೆ ಏರುವುದಿಲ್ಲ. ಮಲೇಷ್ಯಾ ತನ್ನ ಯೋಜನೆಯನ್ನು 2002ರಲ್ಲಿ ಆರಂಭಿಸಿ, 2021ರಲ್ಲೂ 2024ರಲ್ಲೂ ಷರತ್ತುಗಳನ್ನು ಬದಲಿಸಿತು. ಹೋದ ವರ್ಷ ಹೋದವರ ಮಾತು ಈ ವರ್ಷ ಹೋಗುವವರಿಗೆ ಸಲ್ಲುವುದಿಲ್ಲ ಎಂಬುದಕ್ಕೆ ಇದೊಂದು ಉದಾಹರಣೆ.

ಹಾಗಾಗಿ ತಂದೆತಾಯಿಗಳಿಗೆ ಉಳಿಯುವುದು ಮಕ್ಕಳ ಮೂಲಕ ಹೋಗುವ ದಾರಿ. ಕೆನಡಾ 2011ರ ಡಿಸೆಂಬರಿನಲ್ಲಿ ‘ಸೂಪರ್ ವೀಸಾ’ ತಂದಿತು. 2022ರ ಜುಲೈನಿಂದ ಅದರಡಿ ಒಮ್ಮೆ ಹೋದರೆ ಐದು ವರ್ಷದವರೆಗೆ ಇರಬಹುದು. ಮಗ ಅಥವಾ ಮಗಳಿಗೆ ನಿಗದಿತ ಆದಾಯ, ಹೋಗುವವರಿಗೆ ಕನಿಷ್ಠ 1 ಲಕ್ಷ ಕೆನಡಾ ಡಾಲರಿನ ವೈದ್ಯಕೀಯ ವಿಮೆ ಮತ್ತು ಆರೋಗ್ಯ ತಪಾಸಣೆ ಕಡ್ಡಾಯ. ಅಮೆರಿಕದಲ್ಲಿ 21 ವರ್ಷ ದಾಟಿದ, ಅಲ್ಲಿನ ಪೌರತ್ವ ಪಡೆದ ಮಗ ಅಥವಾ ಮಗಳು ತಂದೆತಾಯಿಗಳ ಪರವಾಗಿ ಅರ್ಜಿ ಹಾಕಬಹುದು. ಇದಕ್ಕೆ ವಾರ್ಷಿಕ ಮಿತಿಯಿಲ್ಲ. ಈ ಎರಡೂ ದಾರಿಗಳ ಬಾಗಿಲಲ್ಲಿ ಕೇಳುವ ಮೊದಲ ಪ್ರಶ್ನೆ ಒಂದೇ: ‘ಇವರು ನಿಮ್ಮ ಮಗನೇ? ಇದಕ್ಕೆ ದಾಖಲೆ ಏನು?’ ಅದಕ್ಕೆ ಉತ್ತರ ಇರುವುದು ಈ ನಾಲ್ಕು ಊರುಗಳಲ್ಲಿ.

ಕೊರಟಗೆರೆ: ಜೂನ್ ಒಂದರ ಹುಟ್ಟುಹಬ್ಬ

ಗೊರವನಹಳ್ಳಿಯ ಮಹಾಲಕ್ಷ್ಮಿ, ಗಿಡಮೂಲಿಕೆಗಳ ಸಿದ್ಧರಬೆಟ್ಟ — ಕೊರಟಗೆರೆ ತಾಲ್ಲೂಕು ಹೊರಗಿನವರಿಗೆ ಗೊತ್ತಿರುವುದು ಇವುಗಳಿಂದ. ಇಲ್ಲಿನ ಹಿರಿಯರ ಜನ್ಮದಿನಾಂಕ ಕೇಳಿದರೆ ಹಲವರು ಹೇಳುವುದು ಜೂನ್ 1. ಬಯಲುಸೀಮೆಯ ಬಹುತೇಕ ಹಳ್ಳಿಗಳ ಕಥೆಯೂ ಇದೇ. ಶಾಲೆ ಶುರುವಾಗುವ ಹೊತ್ತಿಗೆ ಮಗುವನ್ನು ಕೈಹಿಡಿದು ತಂದ ಅಪ್ಪನಿಗೆ ‘ದೊಡ್ಡ ಮಳೆ ಬಂದ ವರ್ಷ’ ಎಂಬುದಷ್ಟೇ ನೆನಪು. ಮೇಷ್ಟರು ವಯಸ್ಸು ಸರಿಹೊಂದುವ ಒಂದು ದಿನಾಂಕ ಬರೆದುಕೊಂಡರು. ಅದು ಮುಂದೆ ಟಿ.ಸಿ., ಅಂಕಪಟ್ಟಿ, ಸೇವಾ ಪುಸ್ತಕ, ಪಾಸ್‌ಪೋರ್ಟುಗಳಿಗೆಲ್ಲ ಹರಿಯಿತು.

ಜನನ ಮರಣ ನೋಂದಣಿ ಕಾಯ್ದೆ ಬಂದದ್ದು 1969ರಲ್ಲಿ. ಕರ್ನಾಟಕದಲ್ಲಿ ಜಾರಿಯಾದದ್ದು 1970ರ ಏಪ್ರಿಲಿನಿಂದ. ಅದಕ್ಕೂ ಹಿಂದೆ ಹುಟ್ಟಿದವರ ದಾಖಲೆ ಸಿಗದಿರಬಹುದೆಂಬುದು ವಿದೇಶಿ ದೂತಾವಾಸಗಳಿಗೂ ಗೊತ್ತು. ಅಂಥವರು ‘ನೋಂದಣಿ ಲಭ್ಯವಿಲ್ಲ’ ಎಂಬ ಪ್ರಮಾಣಪತ್ರ ಪಡೆದು, ಅದರೊಡನೆ ಶಾಲಾ ದಾಖಲೆ ಹಾಗೂ ಹಿರಿಯ ಬಂಧುಗಳ ಪ್ರಮಾಣಿತ ಹೇಳಿಕೆ ಕೊಡುವುದು ರೂಢಿ. ಆದರೆ ಸಮಸ್ಯೆ ಅಲ್ಲಿಗೆ ಮುಗಿಯುವುದಿಲ್ಲ. ಶಾಲೆಯ ದಿನಾಂಕ ಒಂದಾಗಿ, ಆಧಾರ್‌ನಲ್ಲಿ ಬರೀ ವರ್ಷ ಇದ್ದು, ಮತದಾರರ ಪಟ್ಟಿಯಲ್ಲಿ ಇನ್ನೊಂದು ವಯಸ್ಸಿದ್ದರೆ ಪ್ರತಿಯೊಂದಕ್ಕೂ ಸಮಜಾಯಿಷಿ ಕೊಡಬೇಕಾಗುತ್ತದೆ. ಹೊಲದಲ್ಲಿ ದುಡಿದು ಬೆರಳು ಸವೆದ ತಾಯಂದಿರ ಬೆರಳಚ್ಚು ಯಂತ್ರದ ಮೇಲೆ ಮೂಡದಿರುವುದು ಬೇರೆ ಪಾಡು.

ಮಧುಗಿರಿ: ಉಪವಿಭಾಗಾಧಿಕಾರಿಯ ಆದೇಶ

ಮಗು ಹುಟ್ಟಿದ 21 ದಿನಗಳೊಳಗೆ ತಿಳಿಸಿದರೆ ನೋಂದಣಿ ಸುಲಭ. ಒಂದು ವರ್ಷ ಕಳೆದರೆ ಮೇಲಿನವರ ಆದೇಶ ಬೇಕು. ಹಿಂದೆ ಇದಕ್ಕಾಗಿ ಮ್ಯಾಜಿಸ್ಟ್ರೇಟರ ನ್ಯಾಯಾಲಯಕ್ಕೆ ಅರ್ಜಿ ಹಾಕಬೇಕಿತ್ತು. 2023ರ ತಿದ್ದುಪಡಿ ಕಾಯ್ದೆ ಆ ಅಧಿಕಾರವನ್ನು ಜಿಲ್ಲಾ ಮ್ಯಾಜಿಸ್ಟ್ರೇಟ್, ಉಪವಿಭಾಗದ ಮ್ಯಾಜಿಸ್ಟ್ರೇಟ್ ಅಥವಾ ಜಿಲ್ಲಾ ಮ್ಯಾಜಿಸ್ಟ್ರೇಟರು ಅಧಿಕಾರ ಕೊಟ್ಟ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗೆ ಕೊಟ್ಟಿತು. ನಾಲ್ಕು ತಾಲ್ಲೂಕಿನವರೂ ಮಧುಗಿರಿಯ ಉಪವಿಭಾಗಾಧಿಕಾರಿ ಕಚೇರಿಯ ಹೆಸರನ್ನು ನೆನಪಿಟ್ಟುಕೊಳ್ಳಬೇಕಾದದ್ದು ಇದಕ್ಕೇ.

ಚಿಕ್ಕ ಮಕ್ಕಳ ತಂದೆತಾಯಿಗಳು ಗಮನಿಸಬೇಕಾದ ಇನ್ನೊಂದು ಮಾತು: 2023ರ ಅಕ್ಟೋಬರ್ 1ರಂದು ಮತ್ತು ಅನಂತರ ಹುಟ್ಟಿದವರ ಪಾಸ್‌ಪೋರ್ಟಿಗೆ ಜನ್ಮದಿನಾಂಕದ ಪುರಾವೆಯಾಗಿ ಜನನ ಪ್ರಮಾಣಪತ್ರವೇ ಬೇಕು. ‘ಶಾಲೆಗೆ ಸೇರಿಸುವಾಗ ನೋಡಿಕೊಳ್ಳೋಣ’ ಎನ್ನುವ ಕಾಲ ಮುಗಿಯಿತು.

ಊರಿನ ಹೆಸರೂ ತೊಡಕು ತರಬಲ್ಲದು. ಹಳೆಯ ಕಡತಗಳಲ್ಲಿ ಮಧುಗಿರಿ ‘ಮದ್ದಗಿರಿ’ಯಾಗಿದೆ. ಜಿಲ್ಲೆಯ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯುವ ರೀತಿ 2014ರ ನವೆಂಬರ್ 1ರಂದು ‘ತುಮ್ಕೂರ್’ನಿಂದ ‘ತುಮಕೂರು’ ಎಂದು ಬದಲಾಯಿತು. ಎರಡೂ ಒಂದೇ ಊರೆಂದು ನಮಗೆ ಗೊತ್ತು. ಸಾವಿರಾರು ಮೈಲಿ ದೂರದ ಕಚೇರಿಯ ಗುಮಾಸ್ತನಿಗೆ ಗೊತ್ತಿರಬೇಕಲ್ಲ!

ಶಿರಾ: ಅರ್ಜಿ, ನಕಲು, ದಾಖಲೆ

ಶಿರಾ ಕಾಗದಪತ್ರದ ಆಡಳಿತವನ್ನು ಬಹು ಹಿಂದೆಯೇ ಕಂಡ ಊರು. 1687ರಲ್ಲಿ ಮೊಗಲರು ಇದನ್ನು ಒಂದು ಪ್ರಾಂತದ ರಾಜಧಾನಿ ಮಾಡಿದರು. ಪೆನುಕೊಂಡ, ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರ ಪರಗಣೆಗಳ ಲೆಕ್ಕವೂ ಇಲ್ಲಿಗೆ ಸೇರುತ್ತಿತ್ತು. ತಾಲ್ಲೂಕು ಕಚೇರಿಯಲ್ಲಿ ಇಂದಿಗೂ ಬಳಸುವ ಅರ್ಜಿ, ನಕಲು, ದಾಖಲೆ, ತಹಸೀಲ್ದಾರ್ ಎಂಬ ಮಾತುಗಳು ಪಾರಸಿಯ ಆಡಳಿತ ಭಾಷೆಯಿಂದ ಕನ್ನಡಕ್ಕೆ ಬಂದವು.

ಮಲಿಕ್ ರೆಹಾನನ ಗೋರಿ, ಜುಮ್ಮಾ ಮಸೀದಿ ನೋಡಲು ಬಂದವರು ಹೆದ್ದಾರಿ ಹಿಡಿದು ಹೊರಟುಬಿಡುತ್ತಾರೆ. ಅದೇ ಊರಿನ ಉಪನೋಂದಣಿ ಕಚೇರಿಯಲ್ಲಿ ಬೇರೆ ಬಗೆಯ ದೃಶ್ಯಕ್ಕೂ ಅವಕಾಶವಿದೆ: ಮೊಮ್ಮಕ್ಕಳನ್ನು ಕಂಡ ದಂಪತಿ ತಮ್ಮ ಮದುವೆಯನ್ನು ನೋಂದಾಯಿಸಲು ಬರುವುದು. ರಾಜ್ಯದ ವಿವಾಹ ನೋಂದಣಿ ಕಾಯ್ದೆ 1976ರದ್ದಾದರೂ ಜಾರಿಗೆ ಬಂದದ್ದು ತಡವಾಗಿ. ಅದಕ್ಕೂ ಮೊದಲಿನ ಹಳ್ಳಿಯ ಮದುವೆಗಳಿಗೆ ಚಪ್ಪರವೇ ಸಾಕ್ಷಿ. ಪತಿಯೊಡನೆ ಪತ್ನಿ ಹೊರಡಬೇಕಾದರೆ ವಿವಾಹದ ದಾಖಲೆ ಕೇಳುತ್ತಾರೆ. ಲಗ್ನಪತ್ರಿಕೆ, ಮಾಸಿದ ಫೋಟೊ, ಅಂದು ಧಾರೆಗೆ ಬಂದಿದ್ದ ಸಾಕ್ಷಿಗಳು ಆಗ ಬೆಲೆಬಾಳುತ್ತಾರೆ.

ಹೆಸರಿನ ತೊಂದರೆ ಎಲ್ಲಕ್ಕಿಂತ ದೊಡ್ಡದು. ನಮ್ಮಲ್ಲಿ ಊರಿನ ಹೆಸರು, ತಂದೆಯ ಹೆಸರು ಎರಡೂ ಒಂದೊಂದು ಅಕ್ಷರವಾಗಿ ಮುಂದೆ ನಿಲ್ಲುತ್ತವೆ. ಪಾಸ್‌ಪೋರ್ಟಿನಲ್ಲಿ ಅವನ್ನು ಬಿಡಿಸಿ ಬರೆಯಬೇಕು. ಒಂದೇ ಹೆಸರಿದ್ದರೆ ಅಮೆರಿಕದ ವೀಸಾದಲ್ಲಿ ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’, ಅಂದರೆ ಮೊದಲ ಹೆಸರು ಗೊತ್ತಿಲ್ಲ, ಎಂದು ಬೀಳುತ್ತದೆ. ಮಗನ ಅಂಕಪಟ್ಟಿಯಲ್ಲಿ ತಾಯಿ ‘ಲಕ್ಷ್ಮಮ್ಮ’, ಆಕೆಯ ಪಡಿತರ ಚೀಟಿಯಲ್ಲಿ ‘ಲಕ್ಷ್ಮೀದೇವಮ್ಮ’ ಎಂದಿದ್ದರೆ ಇಬ್ಬರೂ ಒಬ್ಬರೇ ಎಂದು ಛಾಪಾ ಕಾಗದದ ಮೇಲೆ ಪ್ರಮಾಣ ಮಾಡಬೇಕು. ಮನೆಯವರೆಲ್ಲ ‘ಅಮ್ಮ’ ಎಂದೇ ಕರೆದ ಹೆಂಗಸು, ತನ್ನ ಹೆಸರು ತನ್ನದೇ ಎಂದು ಅರವತ್ತರ ವಯಸ್ಸಿನಲ್ಲಿ ರುಜುವಾತು ಮಾಡಬೇಕಾಗುತ್ತದೆ.

ಪಾವಗಡ: ತವರುಮನೆಯ ಗಡಿ

ಪಾವಗಡ ತಾಲ್ಲೂಕು ಜಿಲ್ಲೆಯ ಉಳಿದ ಭಾಗದಿಂದ ಕಡಿದಿಟ್ಟಂತೆ ಬಹುಪಾಲು ಆಂಧ್ರಪ್ರದೇಶದ ನಡುವೆ ಇದೆ. ಮನೆಮಾತು ತೆಲುಗು, ಶಾಲೆಯ ಮಾತು ಕನ್ನಡ. ಸಂಬಂಧ ಬೆಳೆಸುವುದೂ ಮಡಕಶಿರಾ, ಹಿಂದೂಪುರ, ಕಲ್ಯಾಣದುರ್ಗದ ಕಡೆ. ಚೊಚ್ಚಲ ಬಾಣಂತನ ತವರಿನಲ್ಲಿ ಎಂಬುದು ಪದ್ಧತಿ. ಕಾನೂನಿನ ಪ್ರಕಾರ ಜನನದ ನೋಂದಣಿ ಮಗು ಹುಟ್ಟಿದ ಸ್ಥಳದಲ್ಲೇ ಆಗಬೇಕು. ಆದ್ದರಿಂದ ಪಾವಗಡದಲ್ಲಿ ಬೆಳೆದು, ಓದಿ, ಮತ ಹಾಕಿದವರ ಜನನ ಪತ್ರ ಆಂಧ್ರದ ಪುಸ್ತಕದಲ್ಲಿರಬಹುದು. ಪಾವಗಡದಲ್ಲಿ ಹುಡುಕಿ ‘ಇಲ್ಲ’ ಎನ್ನಿಸಿಕೊಂಡು ನಿರಾಶರಾಗುವ ಮೊದಲು ಅಜ್ಜಿಯನ್ನು ಕೇಳಬೇಕು: ಹೆರಿಗೆ ಎಲ್ಲಾಯಿತು?

ಬರಕ್ಕೂ ಶನಿಮಹಾತ್ಮನ ಗುಡಿಗೂ ಹೆಸರಾಗಿದ್ದ ಪಾವಗಡಕ್ಕೆ 2018ರಲ್ಲಿ ತಿರುಮಣಿಯ ಸೌರ ವಿದ್ಯುತ್ ಪಾರ್ಕು ಬಂದಿತು. 13 ಸಾವಿರ ಎಕರೆ, 2,050 ಮೆಗಾವಾಟ್. ರೈತರು ಜಮೀನು ಮಾರದೆ ಗುತ್ತಿಗೆಗೆ ಕೊಟ್ಟರು. ಆರಂಭದ ಬಾಡಿಗೆ ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿ. ಪಹಣಿಯ ಜೊತೆ ಗುತ್ತಿಗೆ ಪತ್ರವೂ ಬ್ಯಾಂಕಿನ ಜಮೆಯೂ ಇರುವುದರಿಂದ ವೀಸಾ ಅರ್ಜಿಗೆ ಇದು ಸ್ಪಷ್ಟ ಆದಾಯದ ಪುರಾವೆ. ಆದರೆ ಹತ್ತು ಎಕರೆಯ ವರ್ಷದ ಬಾಡಿಗೆ, ಥಾಯ್ಲೆಂಡು ಕೇಳುವ ಎರಡು ತಿಂಗಳ ಆದಾಯಕ್ಕೂ ಸಾಲದು. ಠೇವಣಿಗಾಗಿ ಜಮೀನು ಮಾರುವ ಯೋಚನೆ ಬಂದವರು ಈ ಲೆಕ್ಕವನ್ನು ಎರಡು ಸಲ ಹಾಕಬೇಕು. ವಿದೇಶಿ ಪೌರತ್ವ ಪಡೆದರೆ ಭಾರತದ ಪೌರತ್ವ ಹೋಗುತ್ತದೆ. ಸಾಗರೋತ್ತರ ಭಾರತೀಯ ಎಂಬ ಚೀಟಿ ಇದ್ದರೂ ಮತದ ಹಕ್ಕಿಲ್ಲ, ಕೃಷಿ ಭೂಮಿ ಕೊಳ್ಳುವಂತಿಲ್ಲ.

ಹೊರಡುವ ಮೊದಲು, ಹೋದ ಮೇಲೆ

ಕಾಗದಗಳು ಹೊಂದಿಕೆಯಾದ ಮೇಲಿನ ದಾರಿ ಅಷ್ಟು ಕಠಿಣವಲ್ಲ. ಪಾಸ್‌ಪೋರ್ಟಿಗೆ ತುಮಕೂರಿನ ಅಂಚೆ ಕಚೇರಿಯ ಸೇವಾ ಕೇಂದ್ರವಿದೆ. ಪೊಲೀಸ್ ನಿರಾಕ್ಷೇಪಣಾ ಪತ್ರಕ್ಕೂ ಪಾಸ್‌ಪೋರ್ಟ್ ಇಲಾಖೆಗೇ ಅರ್ಜಿ. ವಿಚಾರಣೆ ಮಾತ್ರ ಸ್ಥಳೀಯ ಠಾಣೆಯದು. ದಾಖಲೆಗಳಿಗೆ ರಾಜ್ಯ ಸರ್ಕಾರದ ದೃಢೀಕರಣ ಪಡೆದು, ಬಳಿಕ ವಿದೇಶಾಂಗ ಸಚಿವಾಲಯದ ‘ಅಪೊಸ್ಟಿಲ್’ ಮುದ್ರೆ ಹಾಕಿಸಬೇಕು. ಈ ಒಪ್ಪಂದ ಭಾರತದ ಮಟ್ಟಿಗೆ ಜಾರಿಗೆ ಬಂದದ್ದು 2005ರಲ್ಲಿ. ಕೆನಡಾದ ಮಟ್ಟಿಗೆ 2024ರಲ್ಲಿ ಜಾರಿಯಾಯಿತು. ಒಪ್ಪಂದದಲ್ಲಿಲ್ಲದ ದೇಶವಾದರೆ ಆ ದೇಶದ ದೂತಾವಾಸದ ಮುದ್ರೆ ಬೇಕು. ಕನ್ನಡದಲ್ಲಷ್ಟೇ ಇರುವ ಹಳೆಯ ದಾಖಲೆಗೆ ದೃಢೀಕೃತ ಇಂಗ್ಲಿಷ್ ಅನುವಾದ ಜೊತೆಗಿರಲಿ.

ಹೋದ ಮೇಲೂ ಊರಿನ ಕಾಗದ ಬಿಡುವುದಿಲ್ಲ. ಪಿಂಚಣಿದಾರರು ಪ್ರತಿ ನವೆಂಬರಿನಲ್ಲಿ ತಾವು ಬದುಕಿರುವುದಾಗಿ ತಿಳಿಸಬೇಕು. 2014ರಿಂದ ‘ಜೀವನ್ ಪ್ರಮಾಣ್’ ಮೂಲಕ ಇದು ಸುಲಭವಾಗಿದೆ. ವಿದೇಶದಲ್ಲಿರುವವರು ಭಾರತದ ದೂತಾವಾಸದ ಅಧಿಕಾರಿಯಿಂದ ರುಜು ಮಾಡಿಸಿಕೊಳ್ಳಬಹುದು.

ಇದರಲ್ಲಿ ವಿದ್ಯಾರ್ಥಿಗಳ ಕೆಲಸವೇನು ಎನ್ನಬಹುದು. ಎಲ್ಲಕ್ಕಿಂತ ಮುಖ್ಯವಾದ ಕೆಲಸ ಅವರದೇ. ಹೆಸರು, ತಂದೆತಾಯಿಯ ಹೆಸರು, ಜನ್ಮದಿನಾಂಕ ಗಟ್ಟಿಯಾಗುವುದು ಹತ್ತನೇ ತರಗತಿಯ ಅಂಕಪಟ್ಟಿಯಲ್ಲಿ. ಅದಕ್ಕೂ ಮೊದಲಾದರೆ ಶಾಲೆಯ ಮುಖ್ಯೋಪಾಧ್ಯಾಯರ ಮೂಲಕ ತಪ್ಪು ತಿದ್ದಿಸಲು ದಾರಿ ಇದೆ. ಅನಂತರ ಪರೀಕ್ಷಾ ಮಂಡಳಿಯ ಮೆಟ್ಟಿಲು, ಕೆಲವೊಮ್ಮೆ ನ್ಯಾಯಾಲಯದ ಮೆಟ್ಟಿಲು.

ಒಂದು ಭಾನುವಾರ ಮನೆಯವರೆಲ್ಲ ಕುಳಿತು ಜನನ ಪತ್ರ, ಶಾಲೆಯ ದಾಖಲೆ, ಆಧಾರ್, ಪಹಣಿ, ಪಡಿತರ ಚೀಟಿಗಳನ್ನು ಚಾಪೆಯ ಮೇಲೆ ಸಾಲಾಗಿ ಹರಡಲಿ. ಓದಲು ಬಾರದ ಅಜ್ಜಿಯ ಹೆಸರನ್ನು ಮೊಮ್ಮಗಳು ಗಟ್ಟಿಯಾಗಿ ಓದಲಿ. ಎಲ್ಲಿ ಅಕ್ಷರ ಬೇರೆಯಾಗಿದೆಯೋ ಅಲ್ಲಿ ಪೆನ್ಸಿಲಿನ ಗುರುತು ಹಾಕಿ, ಮರುದಿನವೇ ತಿದ್ದಿಸಲು ಹೊರಡಲಿ. ವೀಸಾ ಬೇಕಾಗದೆಯೂ ಇರಬಹುದು. ಅಪ್ಪ ಅಮ್ಮ ‘ಊರೇ ಸಾಕು’ ಎನ್ನಲೂಬಹುದು. ಆ ತೀರ್ಮಾನ ಅವರದಾಗಬೇಕೇ ಹೊರತು ತಪ್ಪಾಗಿ ಬಿದ್ದ ಒಂದು ಅಕ್ಷರದ್ದಾಗಬಾರದು.