ಗೋಲಿಬಾರಿನ ಮರುದಿನ

ಹುಬ್ಬಳ್ಳಿಯ ಆ ಮನೆಯಲ್ಲಿ ಪ್ರತಿ ವರ್ಷ ಜುಲೈ 22ರ ಬೆಳಗಿನ ಚಹಾ ಆರಿ ಹೋಗುತ್ತದೆ. ಕಾರಣ ಪೇಪರು. ನರಗುಂದದ ವೀರಗಲ್ಲಿಗೆ ಹಿಂದಿನ ದಿನ ಮಾಲೆ ಹಾಕಿದ ನಾಯಕರ ಫೋಟೊ ಅದರಲ್ಲಿ ಬಂದಿರುತ್ತದೆ. ಅದನ್ನು ನೋಡಿದ ಅಣ್ಣ, ‘ರೈತರ ಮ್ಯಾಲೆ ಗುಂಡು ಹಾರಿಸಿದ ಪಾರ್ಟಿ ನಿಮ್ದು’ ಎನ್ನುತ್ತಾನೆ. ತಮ್ಮ ಕನ್ನಡಕ ಸರಿಮಾಡಿಕೊಂಡು, ‘ಹಾವೇರಿ ಮರತ್ರೇನು ಅಣ್ಣಾ?’ ಎನ್ನುತ್ತಾನೆ. ಅಲ್ಲಿಗೆ ಶುರು.

ಇಬ್ಬರೂ ಕೆಟ್ಟವರಲ್ಲ. ಅಣ್ಣ ಬ್ಯಾಂಕಿನಲ್ಲಿ ಮ್ಯಾನೇಜರು, ತಮ್ಮ ಕಬ್ಬಿಣದ ಅಂಗಡಿ ಇಟ್ಟವ. ಓಣಿಯಲ್ಲಿ ಯಾರಾದರೂ ತೀರಿಕೊಂಡರೆ ಮೊದಲು ಹೋಗಿ ನಿಲ್ಲುವವರು ಇವರೇ. ಸತ್ತವರು ಯಾರಿಗೆ ಓಟು ಹಾಕುತ್ತಿದ್ದರೆಂದು ಒಂದು ದಿನವೂ ಕೇಳಿದವರಲ್ಲ. ಪೊಲೀಸರ ಗುಂಡಿಗೆ ಸತ್ತವರ ವಿಷಯ ಬಂದಾಗ ಮಾತ್ರ ಇಬ್ಬರ ಕಣ್ಣೂ ಮೊದಲು ವಿಧಾನಸೌಧದ ಕಡೆ ತಿರುಗುತ್ತದೆ. ಆಗ ಯಾರ ಸರ್ಕಾರವಿತ್ತು?

ಕಳೆದ ಜುಲೈನಲ್ಲಿ ಈ ಜಗಳಕ್ಕೆ ಅಡ್ಡ ಬಂದವಳು ಅಣ್ಣನ ಮಗಳು. ದ್ವಿತೀಯ ಪಿಯುಸಿ. ಕಾಲೇಜಿನ ಚರ್ಚಾಸ್ಪರ್ಧೆಗೆ ಗೋಲಿಬಾರ್ ವಿಷಯವನ್ನೇ ಕೊಟ್ಟಿದ್ದರು. ಚೀಟಿ ಎತ್ತಿ ಪರವೋ ವಿರೋಧವೋ ಎಂದು ತೀರ್ಮಾನವಾಗಬೇಕಿತ್ತು. ಹುಡುಗಿ ಎರಡಕ್ಕೂ ತಯಾರಾಗಲೆಂದು ನಾಲ್ಕು ದಿನ ಲೈಬ್ರರಿಯಲ್ಲಿ ಕೂತು ಬಂದಿದ್ದಳು. ಹೀಗಾಗಿ ಆ ಬೆಳಿಗ್ಗೆ ಅವಳಲ್ಲಿ ಪ್ರಶ್ನೆಗಳಿದ್ದವು.

‘ಕಾಕಾ, ಹಾವೇರಿಯೊಳಗ ಎಷ್ಟು ಮಂದಿ ಸತ್ರು?’

ಕಾಕಾ ತಡವರಿಸಿದ. ಐದೋ ಆರೋ ಎಂದ. ಸತ್ತವರು ಇಬ್ಬರು. ವರ್ಷ ವರ್ಷ ಹಾವೇರಿ ಹಾವೇರಿ ಎಂದವನಿಗೆ ಅದು ಗೊತ್ತಿರಲಿಲ್ಲ.

‘ಅಪ್ಪಾ, ನರಗುಂದದಾಗ ಸತ್ತಾವ್ರು ಬರೇ ರೈತರಷ್ಟ ಅಲ್ಲಂತ. ಹೌದಾ?’

ಈ ಸಲ ಅಪ್ಪ ಸುಮ್ಮನಾದ.

ನರಗುಂದದ ಕತೆ ಒಂದು ದಿನದ್ದಲ್ಲ. ಮಲಪ್ರಭೆಗೆ ನವಿಲುತೀರ್ಥದ ಬಳಿ ಅಣೆಕಟ್ಟು ಕಟ್ಟಿ, ಕಾಲುವೆ ತೋಡಿ, ನೀರಾವರಿಯಿಂದ ಜಮೀನಿನ ಬೆಲೆ ಏರಿತೆಂಬ ಲೆಕ್ಕದಲ್ಲಿ ಸರ್ಕಾರ ಅಭಿವೃದ್ಧಿ ಕರ ಹಾಕಿತು. ಕಾಲುವೆಯ ತುದಿಯ ಹೊಲಗಳಿಗೆ ನೀರು ಸರಿಯಾಗಿ ಮುಟ್ಟಿರಲಿಲ್ಲ, ಕರ ಮಾತ್ರ ಮುಟ್ಟಿತು. ನರಗುಂದ, ನವಲಗುಂದ, ಸವದತ್ತಿ ಭಾಗದ ರೈತರು ಎದ್ದರು. 1980ರ ಜುಲೈ 21ರಂದು ಪೊಲೀಸರು ಗುಂಡು ಹಾರಿಸಿದರು. ನರಗುಂದದಲ್ಲಿ ಒಬ್ಬ ರೈತ, ನವಲಗುಂದದಲ್ಲಿ ಒಬ್ಬ ರೈತ ಸತ್ತರು. ಸಿಟ್ಟಿಗೆದ್ದ ಗುಂಪಿನ ಕೈಗೆ ಸಿಕ್ಕಿ ಅದೇ ದಿನ ನರಗುಂದದಲ್ಲಿ ಒಬ್ಬ ಸಬ್ ಇನ್‌ಸ್ಪೆಕ್ಟರ್ ಸತ್ತ. ಆಗ ಆರ್. ಗುಂಡೂರಾವ್ ಮುಖ್ಯಮಂತ್ರಿ, ಕಾಂಗ್ರೆಸ್ ಸರ್ಕಾರ. ಚಳವಳಿ ರಾಜ್ಯದ ಉದ್ದಗಲಕ್ಕೂ ಹಬ್ಬಿತು, ರೈತ ಸಂಘ ಹುಟ್ಟಿತು, 1983ರ ಚುನಾವಣೆಯಲ್ಲಿ ಆ ಸರ್ಕಾರ ಹೋಯಿತು. ಸಬ್ ಇನ್‌ಸ್ಪೆಕ್ಟರನ ಸಾವು ಮಾತ್ರ ಯಾವ ಪಕ್ಷದ ಭಾಷಣಕ್ಕೂ ಹೊಂದಲಿಲ್ಲ. ಹಾಗಾಗಿ ಅದು ಆ ಮನೆಯ ಚಹಾದ ತನಕ ಬಂದಿರಲಿಲ್ಲ.

ಹಾವೇರಿಯದು ಇದರ ತಿರುವುಮುರುವು. 2008ರ ಮೇ 30ರಂದು ಬಿ.ಎಸ್. ಯಡಿಯೂರಪ್ಪ ಹಸಿರು ಶಾಲು ಹೊದ್ದು, ರೈತರ ಹೆಸರಿನಲ್ಲಿಯೂ ಪ್ರಮಾಣವಚನ ಸ್ವೀಕರಿಸಿದರು. ಅದಾಗಿ ಹನ್ನೊಂದನೆಯ ದಿನ, ಜೂನ್ 10ರಂದು, ಬಿತ್ತನೆಗೆ ಗೊಬ್ಬರ ಸಿಗದೆ ಬೀದಿಗಿಳಿದ ಹಾವೇರಿಯ ರೈತರ ಮೇಲೆ ಗೋಲಿಬಾರ್ ಆಯಿತು. ಕೇಂದ್ರ ಗೊಬ್ಬರ ಕಳಿಸಲಿಲ್ಲ ಎಂದು ರಾಜ್ಯ, ಹಂಚಲು ರಾಜ್ಯಕ್ಕೆ ಬರಲಿಲ್ಲ ಎಂದು ಕೇಂದ್ರ. ಅಲ್ಲಿ ಕಾಂಗ್ರೆಸ್, ಇಲ್ಲಿ ಬಿಜೆಪಿ. ಗುಂಡಿನ ಮಾತು ಹಿಂದೆ ಸರಿದು ಗೊಬ್ಬರದ ಚೀಲದ ಲೆಕ್ಕ ಮುಂದೆ ಬಂತು.

ಗೋಲಿಬಾರಿನ ಮರುದಿನ ಯಾರು ಏನು ಹೇಳುತ್ತಾರೆಂದು ಇಪ್ಪತ್ತು ವರ್ಷ ಪೇಪರು ಓದಿದ ಯಾರಾದರೂ ಮೊದಲೇ ಬರೆದಿಡಬಹುದು. ವಿರೋಧ ಪಕ್ಷಕ್ಕೆ ರಾಜೀನಾಮೆ ಬೇಕು, ನ್ಯಾಯಾಂಗ ತನಿಖೆ ಬೇಕು. ಸರ್ಕಾರಕ್ಕೆ ಗುಂಪಿನಲ್ಲಿ ಕಿಡಿಗೇಡಿಗಳು ಕಾಣುತ್ತಾರೆ, ಪೊಲೀಸರು ಆತ್ಮರಕ್ಷಣೆಗೆ ಹಾರಿಸಿದ್ದಾಗಿರುತ್ತದೆ, ಜೊತೆಗೆ ಪರಿಹಾರ ಧನ. ಚುನಾವಣೆ ಮುಗಿದು ಕುರ್ಚಿ ಬದಲಾದರೆ ಮಾತೂ ಬದಲಾಗುತ್ತದೆ, ನಾಟಕದ ಕಂಪನಿಯಲ್ಲಿ ಪಾತ್ರ ಬದಲಾದ ಹಾಗೆ. ಇದು ನಮ್ಮ ರಾಜ್ಯದ್ದೊಂದೇ ರೋಗವಲ್ಲ. ಮಧ್ಯಪ್ರದೇಶದ ಮುಲ್ತಾಯಿಯಲ್ಲಿ 1998ರ ಜನವರಿ 12ರಂದು ರೈತರ ಮೇಲೆ ಗುಂಡು ಹಾರಿದಾಗ ಕಾಂಗ್ರೆಸ್ ಸರ್ಕಾರವಿತ್ತು. ಮಂದಸೌರ್‌ನಲ್ಲಿ 2017ರ ಜೂನ್ 6ರಂದು ಐವರು ರೈತರು ಗುಂಡಿಗೆ ಬಲಿಯಾದಾಗ ಬಿಜೆಪಿ ಸರ್ಕಾರ. ಪೊಲೀಸರು ಗುಂಡೇ ಹಾರಿಸಿಲ್ಲ ಎಂದು ಅಲ್ಲಿನ ಗೃಹಮಂತ್ರಿ ಮೊದಲು ಹೇಳಿ, ಆಮೇಲೆ ಹೌದೆಂದು ಒಪ್ಪಿಕೊಂಡರು. ಆಳುವವರಿಗೆ ಮುಲ್ತಾಯಿ ನೆನಪಾಯಿತು.

ಕೇಳಬೇಕಾದ ಪ್ರಶ್ನೆಗಳು ಬೇರೆ ಇವೆ. ಹುಡುಗಿಯ ನೋಟ್‌ಬುಕ್ಕಿನಲ್ಲಿ ಅವು ಇದ್ದವು. ಗುಂಪು ಚದುರಬೇಕೆಂದು ಮೊದಲು ಆಜ್ಞೆ ಕೊಡಬೇಕು, ಕೇಳದಿದ್ದರೆ ಮಾತ್ರ ಬಲಪ್ರಯೋಗ ಎನ್ನುತ್ತದೆ ಕಾನೂನು. ಹಿಂದೆ ಅದು ದಂಡ ಪ್ರಕ್ರಿಯಾ ಸಂಹಿತೆಯ 129ನೇ ಕಲಮಿನಲ್ಲಿತ್ತು, 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 148ನೇ ಕಲಮಿನಲ್ಲಿದೆ. ಹಾಗಾದರೆ ಆಜ್ಞೆ ಕೊಟ್ಟವರು ಯಾರು? ಜನರಿಗೆ ಅದು ಕೇಳಿಸಿತೆ? ಲಾಠಿ, ಅಶ್ರುವಾಯು ಮೊದಲು ಬಂತೆ? ಎಷ್ಟು ಗುಂಡು? ಸತ್ತವನಿಗೆ ಗುಂಡು ಬಿದ್ದದ್ದು ಕಾಲಿಗೋ ಎದೆಗೋ ಬೆನ್ನಿಗೋ? ಇವಕ್ಕೆ ಉತ್ತರ ಹುಡುಕಲು ಯಾವ ಪಕ್ಷದ ಸದಸ್ಯತ್ವವೂ ಬೇಡ.

ಆಕೆ ನೋಟ್‌ಬುಕ್ಕು ತೆರೆದು ಇಬ್ಬರಿಗೂ ಓದಿದಳು. ‘ಒಂದ್ ಊರು. ರೈತರು ಸೇರಿದ್ರು. ಗಲಾಟಿ ಆತು. ಪೊಲೀಸರು ಗುಂಡು ಹಾರಿಸಿದ್ರು, ರೈತರು ಸತ್ರು. ಸರಿನೋ, ತಪ್ಪೋ?’

‘ಯಾವ ಇಸವಿ?’ ಇಬ್ಬರೂ ಒಮ್ಮೆಲೇ ಕೇಳಿದರು.

‘ಇಸವಿ ಹೇಳೂದಿಲ್ಲ.’

‘ಊರರೆ ಹೇಳವಾ.’

ಊರನ್ನೂ ಹೇಳಲಿಲ್ಲ. ಇಬ್ಬರೂ ಚಹಾದ ಕಪ್ಪು ನೋಡುತ್ತ ಕೂತರು. ಕೊನೆಗೆ ಅವಳೇ ಕರಗಿ ಒಂದು ಇಸವಿ ಹೇಳಿದಳು. 1954.

ಆಗ ತಿರುವಾಂಕೂರು–ಕೊಚ್ಚಿಯಲ್ಲಿ ಪ್ರಜಾ ಸೋಷಲಿಸ್ಟ್ ಪಕ್ಷದ ಸರ್ಕಾರ, ಪಟ್ಟಂ ತಾಣು ಪಿಳ್ಳೆ ಮುಖ್ಯಮಂತ್ರಿ. ತಮಿಳು ಮಾತಾಡುವ ತಾಲ್ಲೂಕುಗಳು ಮದ್ರಾಸಿಗೆ ಸೇರಬೇಕೆಂದು ಚಳವಳಿ ಮಾಡುತ್ತಿದ್ದವರ ಮೇಲೆ ಆಗಸ್ಟ್ 11ರಂದು ಗೋಲಿಬಾರ್ ಆಗಿ ಜನ ಸತ್ತರು. ಅದೇ ಪಕ್ಷದ ಪ್ರಧಾನ ಕಾರ್ಯದರ್ಶಿ ರಾಮಮನೋಹರ ಲೋಹಿಯಾ. ಕಾಗೋಡು ಸತ್ಯಾಗ್ರಹಕ್ಕೆಂದು 1951ರಲ್ಲಿ ಸಾಗರಕ್ಕೆ ಬಂದು ಬಂಧನಕ್ಕೊಳಗಾದ ಅದೇ ಲೋಹಿಯಾ. ಆ ಆಗಸ್ಟಿನಲ್ಲಿ ಅವರು ಉತ್ತರ ಪ್ರದೇಶದ ನೈನಿ ಜೈಲಿನಲ್ಲಿದ್ದರು. ಏರಿಸಿದ ನೀರಿನ ಕರ ಕೊಡಬೇಡಿ ಎಂದು ರೈತರಿಗೆ ಹೇಳಿದ್ದಕ್ಕೆ. ಜೈಲಿನಿಂದಲೇ ತಂತಿ ಕಳಿಸಿದರು: ನ್ಯಾಯಾಂಗ ತನಿಖೆ ಆಗಲಿ, ಸರ್ಕಾರ ರಾಜೀನಾಮೆ ಕೊಡಲಿ. ತಮ್ಮದೇ ಪಕ್ಷದ ಸರ್ಕಾರಕ್ಕೆ! ಪಿಳ್ಳೆ ಒಪ್ಪಲಿಲ್ಲ, ಪಕ್ಷವೂ ಒಪ್ಪಲಿಲ್ಲ. ಲೋಹಿಯಾ ಕಾರ್ಯದರ್ಶಿ ಹುದ್ದೆ ಬಿಟ್ಟರು. 1955 ಮುಗಿಯುವಷ್ಟರಲ್ಲಿ ಪಕ್ಷವೇ ಒಡೆಯಿತು.

‘ಜೈಲಿನ್ಯಾಗ ಕುಂತು ಹೇಳೂದು ಸಲೀಸು’ ಎಂದ ಕಾಕಾ. ಅಪ್ಪ ಹೌದೆಂದು ತಲೆಯಾಡಿಸಿದ. ಆ ಬೆಳಿಗ್ಗೆ ಇಬ್ಬರೂ ಒಪ್ಪಿದ ಮಾತು ಅದೊಂದೇ.

ಹುಡುಗಿ ಕಾಲೇಜಿಗೆ ಹೊರಟಳು. ಕಾಕಾ ಪೇಪರು ಮತ್ತೆ ಎತ್ತಿಕೊಂಡು ಫೋಟೊವನ್ನು ಕಣ್ಣಿನ ಹತ್ತಿರ ತಂದ. ಮಾಲೆ ಹಿಡಿದವರು, ಅವರ ಹಿಂದಿನವರು, ಮುಖ ಕಾಣಲೆಂದು ಕತ್ತು ಚಾಚಿದವರು. ಬಹಳ ಹೊತ್ತು ನೋಡಿ ಅಣ್ಣನ ಕಡೆ ಸರಿಸಿದ.

‘ಇದರಾಗ ಕಲ್ಲು ಎಲ್ಲೈತಿ?’