ಬಿಡದಿ ಗಾಡಿ ಅಂದಿದ್ದೆ

ಬೆಳ್ಳೂರು ಕ್ರಾಸ್ ಆಸುಪಾಸಿನಲ್ಲಿ ಬೆಳೆದವರಿಗೆ ಗಾಡಿಗಳ ಹುಚ್ಚು ತಾನಾಗಿಯೇ ಹತ್ತುತ್ತದೆ. ಬೆಂಗಳೂರು–ಮಂಗಳೂರು ಹೆದ್ದಾರಿಗೆ ನಾಗಮಂಗಲದ ಕಡೆಯ ರಸ್ತೆ ಬಂದು ಕೂಡುವ ಜಾಗ ಅದು. ಧರ್ಮಸ್ಥಳಕ್ಕೆ ಹೋಗುವವರು, ಆದಿಚುಂಚನಗಿರಿಗೆ ಬರುವವರು ಅಲ್ಲಿ ಗಾಡಿ ನಿಲ್ಲಿಸಿ ಟೀ ಕುಡಿಯುತ್ತಾರೆ. ನಿಂತ ಗಾಡಿಗಳನ್ನು ನೋಡುತ್ತಾ ನೋಡುತ್ತಾ ನಾನು ದೊಡ್ಡವನಾದೆ. 2000ದಲ್ಲಿ ಟೊಯೊಟಾದ ಕ್ವಾಲಿಸ್ ರಸ್ತೆಗಿಳಿದಾಗ ನನಗೆ ಅದರ ಮೇಲೆ ಹುಟ್ಟಿದ ಪ್ರೀತಿ ಇವತ್ತಿಗೂ ಆರಿಲ್ಲ. ಎಷ್ಟು ಜನ ತುಂಬಿದರೂ ಮುಕ್ಕರಿಯದೆ ಘಾಟಿ ಹತ್ತುವ ಗಾಡಿ, ಅದೂ ನಮ್ಮ ಬಿಡದಿಯಲ್ಲಿ ತಯಾರಾದದ್ದು! ಟೊಯೊಟಾ ಎಂದರೆ ಬಿಡದಿ, ಬಿಡದಿ ಎಂದರೆ ಗಟ್ಟಿ ಎಂಬ ಲೆಕ್ಕ ಅಂದೇ ತಲೆಯಲ್ಲಿ ಕೂತುಬಿಟ್ಟಿತು. ಮನೆಯವರು, ನೆಂಟರು ಗಾಡಿ ತೆಗೆದುಕೊಳ್ಳುವಾಗ ನನ್ನ ಮಾತು ಕೇಳುತ್ತಿದ್ದುದರಿಂದ ಆ ಲೆಕ್ಕವನ್ನು ಮತ್ತೆ ತೆರೆದು ನೋಡುವ ಅಗತ್ಯವೇ ಬೀಳಲಿಲ್ಲ.

2021ರಲ್ಲಿ ನನ್ನ ಚಿಕ್ಕಪ್ಪನ ಮಗ ಮಾರುತಿಯ ಒಂದು ಬಲೆನೋ ಬುಕ್ ಮಾಡಿದ. ಅವನದು ಕೊಬ್ಬರಿ ವ್ಯಾಪಾರ. ತಿಪಟೂರಿಗೆ ಹೋಗಿಬರಲು ಅವನಿಗೊಂದು ಕಾರು ಬೇಕಿತ್ತು. ವಿಷಯ ಗೊತ್ತಾದದ್ದೇ ನಾನು ಅವನ ಮನೆಗೆ ಹೋದೆ. ಬಲೆನೋ ಬೇಡ, ಟೊಯೊಟಾದ ಗ್ಲಾನ್ಜಾ ತಗೊ ಅಂದೆ.

“ಎರಡೂ ಒಂದೇ ಅಂತಾರಲ್ಲಣ್ಣ” ಅಂದ.

“ಯಾರಪ್ಪ ಹೇಳಿದ್ದು? ಒಂದೇ ಆಗಿದ್ರೆ ಎರಡು ಹೆಸರು ಯಾಕಿಡ್ತಿದ್ರು? ಬಿಡದಿ ಗಾಡಿ ಅಂದ್ರೆ ಬಿಡದಿ ಗಾಡೀನೇ.”

ಚಿಕ್ಕಪ್ಪನೂ ಅಲ್ಲೇ ಕೂತಿದ್ದರು. ದೊಡ್ಡವನು ಹೇಳುತ್ತಿದ್ದಾನೆ, ಕೇಳು ಎಂದರು. ಅವನು ಮರುಮಾತಾಡದೆ ಬುಕಿಂಗ್ ಬಿಡಿಸಿದ. ಗಾಡಿ ಕೈಗೆ ಬರುವುದು ಒಂದಷ್ಟು ದಿನ ತಡವಾಯಿತು. ಬಂದ ದಿನ ಪೂಜೆ ಮಾಡಿಸಿ, ಚಕ್ರಕ್ಕೆ ನಿಂಬೆಹಣ್ಣಿಟ್ಟು, ಅವನಿಗಿಂತ ಹೆಚ್ಚಾಗಿ ನಾನೇ ಸಂಭ್ರಮಪಟ್ಟೆ.

ಕೆಲವು ತಿಂಗಳ ಮೇಲೆ ಎದುರಿನಿಂದ ಬಂದ ಟ್ರ್ಯಾಕ್ಟರ್ ಟ್ರೈಲರ್ ತಗುಲಿ ಬಲಗಡೆಯ ಕನ್ನಡಿ ಒಡೆಯಿತು. ಇಬ್ಬರೂ ಪರಿಚಯದ ಗ್ಯಾರೇಜಿಗೆ ಹೋದೆವು. ಮೆಕ್ಯಾನಿಕ್ ಹುಡುಗ ನೋಡಿದವನೇ “ಬಲೆನೋದು ತರಿಸ್ತೀನಿ ಬುಡಣ್ಣ, ಸಾಯಂಕಾಲಕ್ಕೆ ಆಯ್ತದೆ” ಅಂದ. ನನಗೆ ರೇಗಿತು. ಟೊಯೊಟಾ ಗಾಡಿಗೆ ಮಾರುತಿ ಕನ್ನಡಿ ಯಾಕೆ ಹಾಕುತ್ತೀಯ ಎಂದು ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡುವ ಹಾಗೆ ಗದರಿದೆ. ಅವನು ಎದುರಾಡಲಿಲ್ಲ. ಸ್ಕ್ರೂಡ್ರೈವರಿನಿಂದ ಒಡೆದ ಕನ್ನಡಿಯ ಕವಚ ಬಿಚ್ಚಿ, ಒಳಗಿನ ಕಪ್ಪು ಪ್ಲಾಸ್ಟಿಕ್ಕಿನ ಧೂಳನ್ನು ಬೆರಳಲ್ಲಿ ಒರೆಸಿ ನನ್ನ ಕೈಗಿಟ್ಟ. ಅದರಲ್ಲಿ ಸಣ್ಣ ಉಬ್ಬಕ್ಷರದಲ್ಲಿ ಸುಜುಕಿ ಎಂದು ಅಚ್ಚೊತ್ತಿತ್ತು. ಕಾರ್ಖಾನೆಯಿಂದ ಬಂದ ಕನ್ನಡಿಯೇ ಅದು. ನನ್ನ ಬಾಯಿ ಕಟ್ಟಿಹೋಯಿತು. ತಮ್ಮ ರಸ್ತೆ ಕಡೆ ನೋಡುತ್ತಾ ನಿಂತಿದ್ದ. ಅವನಿಗೆ ಮೊದಲೇ ಗೊತ್ತಿತ್ತು.

ಅಷ್ಟಕ್ಕೇ ನಿಂತಿದ್ದರೆ ಅದು ತಿಳಿಯದೆ ಆದ ತಪ್ಪು ಎನ್ನಬಹುದಿತ್ತು. ಆದರೆ ಅಂದಿನಿಂದ ನಾನು ಉಲ್ಟಾ ಹೊಡೆದೆ. ನೆಂಟರ ಮನೆಯ ಬೀಗರೂಟದಲ್ಲಿ ಯಾರೋ ಆ ಗಾಡಿ ಹೇಗಿದೆ ಎಂದು ಕೇಳಿದ್ದಕ್ಕೆ, “ಅದೇನು ಅಸಲಿ ಟೊಯೊಟಾ ಅಲ್ಲ ಬಿಡಿ” ಅಂದುಬಿಟ್ಟೆ. ತಮ್ಮ ಪಕ್ಕದಲ್ಲೇ ಇದ್ದ. ಮನೆಗೆ ಬರುವಾಗ ದಾರಿಯಲ್ಲಿ ಹೇಳಿದ: “ನೀನೇ ಕೊಡಿಸ್ದೆ, ನೀನೇ ಹಳೀತಿದೀಯ. ಗಾಡಿ ಏನ್ ಮಾಡ್ತಣ್ಣ ಪಾಪ?”

ಆ ಮಾತು ನಾಟಿತು. ಅದಾದ ಮೇಲೆಯೇ ನಾನು ವಿಷಯವನ್ನು ಸರಿಯಾಗಿ ತಿಳಿದುಕೊಂಡದ್ದು. ತಮ್ಮತಮ್ಮ ಕಾರುಗಳನ್ನು ಪರಸ್ಪರ ಒದಗಿಸಿಕೊಳ್ಳಲು ಟೊಯೊಟಾ ಮತ್ತು ಮಾರುತಿಯ ಮೂಲ ಕಂಪನಿಯಾದ ಸುಜುಕಿ 2018ರಲ್ಲಿ ಒಪ್ಪಂದ ಮಾಡಿಕೊಂಡಿದ್ದವು. ಅದರ ಮೊದಲ ಫಲ 2019ರ ಜೂನ್‌ನಲ್ಲಿ ಬಂದ ಗ್ಲಾನ್ಜಾ. ಅದು ತಯಾರಾಗುತ್ತಿದ್ದುದು ಗುಜರಾತಿನ ಸುಜುಕಿ ಕಾರ್ಖಾನೆಯಲ್ಲಿ, ಬಿಡದಿಯಲ್ಲಲ್ಲ. ಇದ್ಯಾವುದೂ ಗುಟ್ಟಾಗಿರಲಿಲ್ಲ, ಪತ್ರಿಕೆಗಳಲ್ಲೇ ಬಂದಿತ್ತು. ಮುಂದೆ 2022ರಲ್ಲಿ ಮಾರುತಿಯ ಗ್ರ್ಯಾಂಡ್ ವಿಟಾರಾ, ಟೊಯೊಟಾದ ಹೈರೈಡರ್ ಎರಡೂ ಬಿಡದಿಯಿಂದಲೇ ಹೊರಬಂದವು. 2023ರಲ್ಲಿ ಇನೋವಾ ಹೈಕ್ರಾಸ್ ಇನ್ವಿಕ್ಟೋ ಎಂಬ ಹೆಸರಿನಲ್ಲಿ ಮಾರುತಿ ಅಂಗಡಿಗೆ ಹೋಯಿತು. ನನ್ನ ಹಳೆಯ ಲೆಕ್ಕದ ಪ್ರಕಾರ ಈಗ ಸುಜುಕಿ ಮಾರ್ಕಿನ ಗ್ರ್ಯಾಂಡ್ ವಿಟಾರಾವೇ ಬಿಡದಿ ಗಾಡಿ, ಟೊಯೊಟಾ ಮಾರ್ಕಿನ ಗ್ಲಾನ್ಜಾ ಅಲ್ಲ!

ಹಾಗಾದರೆ ಗ್ಲಾನ್ಜಾವನ್ನು ಟೊಯೊಟಾದ ಸ್ವಂತ ಮಾದರಿ ಎಂದು ಎಣಿಸಬೇಕೋ ಬೇಡವೋ? ಎಂಜಿನ್, ಚಾಸಿ, ಕನ್ನಡಿ ನೋಡಿದರೆ ಬೇಡ. ಅದು ಬಲೆನೋನೇ. ಆದರೆ 2020ರ ಜುಲೈನಲ್ಲಿ ನಡೆದದ್ದು ಇನ್ನೊಂದು ಮಗ್ಗುಲನ್ನು ತೋರಿಸುತ್ತದೆ. ಇಂಧನ ಪಂಪಿನ ದೋಷದ ಅನುಮಾನದ ಮೇಲೆ ಮಾರುತಿ 1,34,885 ವ್ಯಾಗನ್ ಆರ್ ಮತ್ತು ಬಲೆನೋಗಳನ್ನು ವಾಪಸ್ ಕರೆಯಿತು. ಅದೇ ತಿಂಗಳು ಟೊಯೊಟಾ ಸುಮಾರು 6,500 ಗ್ಲಾನ್ಜಾಗಳನ್ನು ಅದೇ ಕಾರಣಕ್ಕೆ ಕರೆಯಿತು. ಒಂದೇ ತರಹದ ಪಂಪು, ಹೊಣೆ ಹೊತ್ತವರು ಇಬ್ಬರು. ಮುಂದಿನ ಗ್ರಿಲ್ ಮೇಲಿನ ಹೆಸರು ಗಾಡಿಯನ್ನು ಯಾರು ಮಾಡಿದರು ಎಂದು ಹೇಳುವುದಿಲ್ಲ. ಕೆಟ್ಟರೆ ಯಾರನ್ನು ಕೇಳಬೇಕು ಎಂದು ಹೇಳುತ್ತದೆ, ಸಾಲಪತ್ರದ ಕೆಳಗಿನ ಜಾಮೀನುದಾರರ ಸಹಿಯ ಹಾಗೆ. ಆ ಅರ್ಥದಲ್ಲಿ ಗ್ಲಾನ್ಜಾ ಟೊಯೊಟಾದ್ದೇ. ಹೊಸ ಮಾದರಿಗಳ ಲೆಕ್ಕಕ್ಕೆ ಒಂದೇ ಗಾಡಿ, ಹೊಣೆಯ ಲೆಕ್ಕಕ್ಕೆ ಎರಡು.

ನನ್ನನ್ನು ಹೆಚ್ಚು ಕಾಡಿದ್ದು ವಾರಂಟಿಯ ವಿಷಯ. ಆಗ ಬಲೆನೋಗೆ ಇದ್ದದ್ದು 2 ವರ್ಷ ಅಥವಾ 40,000 ಕಿಲೋಮೀಟರ್. ಗ್ಲಾನ್ಜಾಗೆ 3 ವರ್ಷ ಅಥವಾ 1 ಲಕ್ಷ ಕಿಲೋಮೀಟರ್. ವ್ಯಾಪಾರಕ್ಕೆಂದು ದಿನಾ ಓಡಾಡುವವನಿಗೆ ಇದು ದೊಡ್ಡ ವ್ಯತ್ಯಾಸ. ಅಂದರೆ ನಾನು ಕೊಟ್ಟ ಸಲಹೆಯಿಂದ ತಮ್ಮನಿಗೆ ಅನುಕೂಲವೇ ಆಗಿತ್ತು. ಆದರೆ ಸಲಹೆ ಕೊಡುವಾಗ ಆ ಕಾರಣ ನನಗೆ ಗೊತ್ತೇ ಇರಲಿಲ್ಲ. ಹೊಗಳಿದಾಗಲೂ ಹೆಸರನ್ನೇ ನೋಡಿದ್ದೆ, ಹಳಿದಾಗಲೂ ಹೆಸರನ್ನೇ ನೋಡಿದ್ದೆ. ಗಾಡಿಯನ್ನೂ ನೋಡಲಿಲ್ಲ, ಅದನ್ನು ಓಡಿಸುವವನ ಅಗತ್ಯವನ್ನೂ ಕೇಳಲಿಲ್ಲ. ಊರಿನ ಮೇಲಿನ ಅಭಿಮಾನವನ್ನೇ ತಿಳಿವಳಿಕೆ ಎಂದುಕೊಂಡಿದ್ದೆ, ವಯಸ್ಸಿನ ಬಲದಿಂದ ಅದನ್ನು ಇನ್ನೊಬ್ಬನ ದುಡ್ಡಿನ ಮೇಲೆ ಹೇರಿದ್ದೆ.

ಮುಂದಿನ ಹಬ್ಬಕ್ಕೆ ಎಲ್ಲರೂ ಸೇರಿದಾಗ, ಅವನು ಮೊದಲೇ ಹೇಳಿದ್ದು ನಿಜ, ನಾನೇ ಕೇಳಲಿಲ್ಲ ಎಂದು ಚಿಕ್ಕಪ್ಪನ ಎದುರಿಗೇ ಹೇಳಿದೆ. ಈಗಲೂ ಜನ ಗಾಡಿ ವಿಷಯ ಕೇಳಿಕೊಂಡು ಬರುತ್ತಾರೆ. ದಿನಕ್ಕೆ ಎಷ್ಟು ಓಡಿಸುತ್ತೀರಿ, ಹತ್ತಿರದ ಸರ್ವಿಸ್ ಎಲ್ಲಿದೆ, ವಾರಂಟಿ ಕಾಗದದಲ್ಲಿ ಏನು ಬರೆದಿದೆ ಎಂದು ಮೊದಲು ನಾನೇ ಅವರನ್ನು ಕೇಳುತ್ತೇನೆ. ಎಷ್ಟೋ ಸಲ ಅವರು ಉತ್ತರ ಹೇಳುತ್ತಾ ಹೇಳುತ್ತಾ ತಾವೇ ತೀರ್ಮಾನಕ್ಕೆ ಬಂದಿರುತ್ತಾರೆ.