ಪೂರ್ವಪಕ್ಷದ ಋಣ

ಈ ಸಂಚಿಕೆಯಲ್ಲಿ ನಮ್ಮದೊಂದು ತಪ್ಪನ್ನು ನಿಮ್ಮೆದುರು ಒಪ್ಪಿಕೊಳ್ಳಬೇಕೆಂದಿದ್ದೇವೆ. ಪೀಠದ ಮೇಲೆ ಕುಳಿತವರು ಹೀಗೆ ಮಾಡುವುದು ವಾಡಿಕೆಯಲ್ಲ. ಆದರೆ ತುಂಬಿದ ಸಭೆಯಲ್ಲಿ ಆಡಿದ ಮಾತನ್ನು ಏಕಾಂತದಲ್ಲಿ ಮಾತ್ರ ತಿದ್ದಿಕೊಂಡರೆ ಅದು ತಿದ್ದುಪಡಿ ಎನಿಸದು.

ಕೆಲವು ವರ್ಷಗಳ ಹಿಂದೆ ಶ್ರಾವಣ ಮಾಸದ ಪ್ರವಚನದಲ್ಲಿ ಸೃಷ್ಟಿಯ ವಿಷಯ ಬಂದಿತು. ನಾವು ಉತ್ಸಾಹದಿಂದ, "ವಿಶ್ವವೆಲ್ಲವೂ ಒಂದು ಬಿಂದುವಿನಿಂದ ಹೊರಹೊಮ್ಮಿತೆಂದು ವಿಜ್ಞಾನಿಗಳು ಈಗ ಕಂಡುಕೊಂಡಿದ್ದಾರೆ. ನಮ್ಮ ಹಿರಿಯರು ಬಯಲು ಎಂದದ್ದು ಇದನ್ನೇ. ವಿಜ್ಞಾನವೇ ಬಂದು ನಮ್ಮ ಶಾಸ್ತ್ರಕ್ಕೆ ಮುದ್ರೆಯೊತ್ತಿದೆ" ಎಂದುಬಿಟ್ಟೆವು. ಸಭೆ ಚಪ್ಪಾಳೆ ತಟ್ಟಿತು. ಮರುದಿನ ಬೆಳಿಗ್ಗೆ ಪೂಜೆ ಮುಗಿಸಿ ಹೊರಬಂದಾಗ, ಮಠದ ಪ್ರಸಾದನಿಲಯದಲ್ಲಿದ್ದು ಬಿ.ಎಸ್ಸಿ. ಓದುತ್ತಿದ್ದ ಹುಡುಗನೊಬ್ಬ ನಮಸ್ಕರಿಸಿ ನಿಂತ. "ಅಜ್ಜಾರ, ಒಂದು ಮಾತು ಕೇಳಲೇನ್ರಿ? ನಾಳೆ ವಿಜ್ಞಾನಿಗಳು ತಮ್ಮ ಮಾತು ಬದಲ್ ಮಾಡಿದ್ರ, ನಮ್ಮ ಹಿರಿಯರ ಮಾತೂ ಸುಳ್ಳಾಗ್ತೈತೇನ್ರಿ?" ಎಂದ. ನಮ್ಮಲ್ಲಿ ಉತ್ತರವಿರಲಿಲ್ಲ. "ಓದಿಕೋ ಹೋಗಪ್ಪಾ" ಎಂದು ಕಳುಹಿಸಿಬಿಟ್ಟೆವು. ಅವನು ಮರುಮಾತಾಡದೆ ಹೋದ. ಆ ಪ್ರಶ್ನೆ ಮಾತ್ರ ಹೋಗಲಿಲ್ಲ.

ಕಾಶಿಯಲ್ಲಿ ನಮಗೆ ನ್ಯಾಯಶಾಸ್ತ್ರ ಪಾಠ ಹೇಳಿದ ಗುರುಗಳು, ಪೂರ್ವಪಕ್ಷವನ್ನು ಅದರ ಪೂರ್ಣ ಬಲದೊಡನೆ ನಿರೂಪಿಸಲಾರದವನಿಗೆ ಸಿದ್ಧಾಂತ ಹೇಳುವ ಅಧಿಕಾರವಿಲ್ಲವೆಂದು ಪದೇ ಪದೇ ಎಚ್ಚರಿಸುತ್ತಿದ್ದರು. ನಾವಾದರೋ ಮಹಾಸ್ಫೋಟ ಸಿದ್ಧಾಂತದ ಪೂರ್ವಪಕ್ಷವನ್ನು ನೋಡದೆಯೇ ಅದನ್ನು ಶಾಸ್ತ್ರದೊಡನೆ ಗಂಟು ಹಾಕಿದ್ದೆವು. ಆದುದರಿಂದ ಪುಸ್ತಕಗಳನ್ನು ಮತ್ತೆ ತೆರೆದೆವು. ಅಲ್ಲಿ ಕಂಡದ್ದನ್ನು ಸಂಕ್ಷೇಪವಾಗಿ ಹೇಳುತ್ತೇವೆ.

ವಿಶ್ವವು ಹಿಗ್ಗುತ್ತಿದೆಯೆಂದು 1927ರಲ್ಲಿ ಗಣಿತದಿಂದಲೂ ಅಂದು ದೊರೆತಿದ್ದ ವೀಕ್ಷಣೆಗಳಿಂದಲೂ ನಿರೂಪಿಸಿದವರು ಬೆಲ್ಜಿಯಂ ದೇಶದ ಜಾರ್ಜ್ ಲಮೈತ್ರ. ಇವರು ಕ್ಯಾಥೊಲಿಕ್ ಪಾದ್ರಿ. ಲೂವೆನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರೂ ಹೌದು. 1929ರಲ್ಲಿ ಅಮೆರಿಕದ ಎಡ್ವಿನ್ ಹಬಲ್, ದೂರದ ಗೆಲಾಕ್ಸಿಗಳು ದೂರ ಹೆಚ್ಚಿದಷ್ಟೂ ಹೆಚ್ಚು ವೇಗದಿಂದ ನಮ್ಮಿಂದ ಸರಿಯುತ್ತಿರುವುದನ್ನು ತೋರಿಸಿದರು. ಇಂದು ದೂರ ಸರಿಯುತ್ತಿರುವವು ಹಿಂದೆ ಹತ್ತಿರವಿದ್ದಿರಬೇಕು. ಇನ್ನೂ ಹಿಂದಕ್ಕೆ ಹೋದರೆ ಸಕಲವೂ ಒಂದೆಡೆ ಒತ್ತೊತ್ತಾಗಿದ್ದಿರಬೇಕು. ಇದೇ ಸಿದ್ಧಾಂತದ ಬೀಜ.

ಇದನ್ನು ಬಲವಾಗಿ ಎದುರಿಸಿದವರು ಇಂಗ್ಲೆಂಡಿನ ಫ್ರೆಡ್ ಹಾಯ್ಲ್. ಅವರ ಆಕ್ಷೇಪಣೆ ಹಟಮಾರಿತನದ್ದಾಗಿರಲಿಲ್ಲ. ಹಬಲ್ ಅವರ ಅಂದಿನ ಅಳತೆಯಂತೆ ವಿಶ್ವದ ವಯಸ್ಸು ಸುಮಾರು 200 ಕೋಟಿ ವರ್ಷ ಮಾತ್ರ. ಭೂಮಿಯ ಬಂಡೆಗಳ ವಯಸ್ಸೋ ಅದಕ್ಕಿಂತ ಹೆಚ್ಚು. ಮಗನು ತಂದೆಗಿಂತ ಹಿರಿಯನೆಂದಂತಾಯಿತು! 1948ರಲ್ಲಿ ಹಾಯ್ಲ್ ಹಾಗೂ ಅವರ ಮಿತ್ರರಾದ ಹರ್ಮನ್ ಬಾಂಡಿ, ಥಾಮಸ್ ಗೋಲ್ಡ್ ಇವರು ಸ್ಥಿರಸ್ಥಿತಿ ಸಿದ್ಧಾಂತವನ್ನು ಮಂಡಿಸಿದರು. ಅದರಂತೆ ವಿಶ್ವಕ್ಕೆ ಆದಿಯಿಲ್ಲ, ಅಂತ್ಯವಿಲ್ಲ. ಅದು ಹಿಗ್ಗಿದಂತೆಲ್ಲ ತೆರವಾದ ಎಡೆಯಲ್ಲಿ ಹೊಸ ದ್ರವ್ಯವು ಅಳತೆಗೆ ಸಿಕ್ಕದಷ್ಟು ನಿಧಾನವಾಗಿ ಹುಟ್ಟುತ್ತದೆ. ಆದುದರಿಂದ ವಿಶ್ವದ ಒಟ್ಟು ರೂಪ ಸದಾ ಒಂದೇ. 1949ರಲ್ಲಿ ಬಿ.ಬಿ.ಸಿ. ಆಕಾಶವಾಣಿ ಭಾಷಣವೊಂದರಲ್ಲಿ ಎದುರುಪಕ್ಷಕ್ಕೆ 'ಬಿಗ್ ಬ್ಯಾಂಗ್' ಎಂಬ ಹೆಸರನ್ನು ಕೊಟ್ಟವರೂ ಇದೇ ಹಾಯ್ಲ್. ಕೂಸಿಗೆ ಹೆಸರಿಟ್ಟವನು ಅದರ ವಿರೋಧಿಯೇ ಆದನು.

ಕಡೆಗೆ ಪ್ರಮಾಣವು ಹಾಯ್ಲ್ ಅವರ ಪಕ್ಷದಲ್ಲಿ ನಿಲ್ಲಲಿಲ್ಲ. 1952ರಲ್ಲಿ ವಾಲ್ಟರ್ ಬಾಡೆ ದೂರದ ಅಳತೆಗೋಲನ್ನೇ ತಿದ್ದಿ ವಿಶ್ವದ ವಯಸ್ಸು ಇಮ್ಮಡಿಯಾಗುವಂತೆ ಮಾಡಿದರು. ಮುಂದೆ ಅದು ಇನ್ನೂ ಹೆಚ್ಚಿತು. ಅಮೆರಿಕದ ಅರ್ನೊ ಪೆಂಜಿಯಾಸ್ ಮತ್ತು ರಾಬರ್ಟ್ ವಿಲ್ಸನ್ ಕೊಂಬಿನಾಕಾರದ ಆಂಟೆನಾ ಒಂದರಲ್ಲಿ ಎಲ್ಲ ದಿಕ್ಕಿನಿಂದಲೂ ಸಮನಾಗಿ ಬರುವ ಮಂದ ಸದ್ದನ್ನು ಗುರುತಿಸಿದರು. ಅದರಲ್ಲಿ ಗೂಡುಕಟ್ಟಿದ್ದ ಪಾರಿವಾಳಗಳನ್ನು ಓಡಿಸಿ, ಹಿಕ್ಕೆಯನ್ನು ತೊಳೆದರೂ ಸದ್ದು ನಿಲ್ಲಲಿಲ್ಲ. ಅದು ಆದಿಯ ತಾಪದ ಅವಶೇಷವೆಂದು 1965ರಲ್ಲಿ ಪ್ರಕಟವಾಯಿತು. ಇಂದು ಆ ವಿಕಿರಣದ ಉಷ್ಣತೆ ಸುಮಾರು 2.7 ಕೆಲ್ವಿನ್. 1989ರಲ್ಲಿ ಹಾರಿಸಿದ ಕೋಬ್ ಉಪಗ್ರಹವು ಅದರ ವರ್ಣಪಟಲವನ್ನು ಅಳೆದಾಗ ಅದು ಸಿದ್ಧಾಂತದ ರೇಖೆಯ ಮೇಲೆಯೇ ಕುಳಿತಿತು. ವಿಶ್ವದ ವಯಸ್ಸು ಸುಮಾರು 1,380 ಕೋಟಿ ವರ್ಷವೆಂದು ಈಗಿನ ಎಣಿಕೆ.

ಹಾಗಾದರೆ ಹಾಯ್ಲ್ ಅವರ ಶ್ರಮವೆಲ್ಲ ನೀರಿನಲ್ಲಿ ಹೋಮ ಮಾಡಿದಂತಾಯಿತೇ? ಇಲ್ಲ. ಆದಿಯ ತಾಪದಲ್ಲಿಯೇ ಎಲ್ಲ ಮೂಲವಸ್ತುಗಳೂ ಹುಟ್ಟಿದವೆಂದು ಎದುರುಪಕ್ಷದ ಕೆಲವರು ಹೇಳುತ್ತಿದ್ದರು. ಆದಿಯನ್ನೇ ಒಪ್ಪದ ಹಾಯ್ಲ್ ಅವುಗಳಿಗೆ ಬೇರೊಂದು ಕುಲುಮೆಯನ್ನು ಹುಡುಕಬೇಕಾಯಿತು. ನಕ್ಷತ್ರಗಳ ಗರ್ಭದಲ್ಲಿ ಅದನ್ನು ಕಂಡರು. ಬರ್ಬಿಜ್ ದಂಪತಿಗಳು ಮತ್ತು ವಿಲಿಯಂ ಫೌಲರ್ ಅವರೊಡನೆ 1957ರಲ್ಲಿ ಅವರು ಪ್ರಕಟಿಸಿದ ಪ್ರಬಂಧವು ಇಂದಿಗೂ ಮಾನ್ಯ. ಜಲಜನಕ, ಹೀಲಿಯಂಗಳು ಆದಿಯವು. ನಮ್ಮ ರಕ್ತದ ಕಬ್ಬಿಣ, ನಮ್ಮ ಎಲುಬಿನ ಸುಣ್ಣಾಂಶ ನಕ್ಷತ್ರಗಳವು. ಸೋತ ವಾದಿಯೊಬ್ಬನು ಗೆದ್ದವರಿಗೆ ಕೊಟ್ಟುಹೋದ ನಿಧಿಯಿದು. ಪೂರ್ವಪಕ್ಷದ ಋಣವೆಂದು ನಾವು ಕರೆದದ್ದು ಇದನ್ನೇ.

ಇವರ ಶಿಷ್ಯರೊಬ್ಬರು ನಮ್ಮ ಗಡಿಯ ಪಕ್ಕದ ಕೊಲ್ಹಾಪುರದಲ್ಲಿ 1938ರಲ್ಲಿ ಜನಿಸಿದ ಜಯಂತ ನಾರಳೀಕರ್. ನಾವು ಧಾರವಾಡದಲ್ಲಿ ತತ್ತ್ವಶಾಸ್ತ್ರ ಓದುತ್ತಿದ್ದ ಸುಮಾರಿಗೆ, 1993ರಲ್ಲಿ, ಹಾಯ್ಲ್ ಮತ್ತು ಜೆಫ್ರಿ ಬರ್ಬಿಜ್ ಅವರೊಡನೆ ಇವರು ಹಳೆಯ ಸಿದ್ಧಾಂತವನ್ನು ತಿದ್ದಿ, ಹಿಗ್ಗುತ್ತ ಕುಗ್ಗುತ್ತ ಸಾಗುವ ಆದಿರಹಿತ ವಿಶ್ವವೊಂದನ್ನು ಪ್ರತಿಪಾದಿಸಿದರು. ಬಹುಪಾಲು ವಿಜ್ಞಾನಿಗಳು ಒಪ್ಪಲಿಲ್ಲ. ಆದರೂ 2025ರ ಮೇ ತಿಂಗಳಲ್ಲಿ ಪುಣೆಯಲ್ಲಿ ಅವರು ತೀರಿಕೊಂಡಾಗ, ಅವರ ವಾದವನ್ನು ಒಪ್ಪದವರೂ ಗೌರವದಿಂದ ಸ್ಮರಿಸಿದರು. ವಾದಕ್ಕೂ ವೈರಕ್ಕೂ ಇರುವ ಅಂತರವನ್ನು ಮಠಗಳವರಾದ ನಾವು ಇಲ್ಲಿಂದ ಕಲಿಯಬಹುದು.

ಇನ್ನು ನಮ್ಮ ತಪ್ಪಿನ ಮಾತು. 1951ರ ನವೆಂಬರಿನಲ್ಲಿ ಪೋಪ್ ಹನ್ನೆರಡನೆಯ ಪಯಸ್ ಅವರು ವಿಜ್ಞಾನಿಗಳನ್ನು ಉದ್ದೇಶಿಸಿ ಮಾತನಾಡುತ್ತ, ವಿಶ್ವಕ್ಕೆ ಆದಿಯಿದೆಯೆಂಬ ಸಿದ್ಧಾಂತವು ಸೃಷ್ಟಿಕರ್ತನಿಗೆ ಸಾಕ್ಷಿಯೆಂಬ ಅರ್ಥ ಬರುವಂತೆ ಹೇಳಿದರು. ಚಪ್ಪಾಳೆ ತಟ್ಟಬೇಕಾಗಿದ್ದವರು ಲಮೈತ್ರ; ಆ ಸಿದ್ಧಾಂತ ಅವರದೇ, ಆ ಧರ್ಮವೂ ಅವರದೇ. ಆದರೆ ಅವರು ಸಂತೋಷಪಡಲಿಲ್ಲ. ತಮ್ಮ ಸಿದ್ಧಾಂತವು ಭೌತಶಾಸ್ತ್ರದ ಮಾತು, ಅದನ್ನು ಧರ್ಮಪೀಠದ ಸಾಕ್ಷಿಯನ್ನಾಗಿ ನಿಲ್ಲಿಸಬಾರದು ಎಂಬುದು ಅವರ ನಿಲುವು. ಮರುವರ್ಷ ಖಗೋಳಜ್ಞರ ಸಭೆಯಲ್ಲಿ ಪೋಪ್ ಆ ಮಾತನ್ನು ಮತ್ತೆ ಎತ್ತಲಿಲ್ಲ. ಇದನ್ನು ಓದಿದ ದಿನ ನಮಗೆ ನಾಚಿಕೆಯಾಯಿತು. ಆ ಪಾದ್ರಿಯ ನಿಲುವೂ ನಮ್ಮ ಪ್ರಸಾದನಿಲಯದ ಹುಡುಗನ ಪ್ರಶ್ನೆಯೂ ಒಂದೇ ಆಗಿದ್ದವು.

ಸಂದೇಹಗಳು ಇಂದಿಗೂ ತೀರಿಲ್ಲ. ವಿಶ್ವವು ಹಿಗ್ಗುವ ವೇಗವನ್ನು ಆದಿಯ ವಿಕಿರಣದಿಂದ ಎಣಿಸಿದರೆ ಸುಮಾರು 67, ಹತ್ತಿರದ ಗೆಲಾಕ್ಸಿಗಳಿಂದ ಅಳೆದರೆ ಸುಮಾರು 73 ಎಂಬ ಬೇರೆ ಬೇರೆ ಅಂಕಿಗಳು ಬರುತ್ತವೆ. 2022ರಿಂದ ವೆಬ್ ದೂರದರ್ಶಕವು ಎಣಿಸಿದ್ದಕ್ಕಿಂತ ಮೊದಲೇ ಬೆಳಗಿದ ಗೆಲಾಕ್ಸಿಗಳನ್ನು ತೋರಿಸಿದಾಗ, ಮಹಾಸ್ಫೋಟ ಸಿದ್ಧಾಂತವೇ ಬಿದ್ದಿತೆಂದು ಕೆಲವರು ಬರೆದರು. ಅದು ದುಡುಕು, ತಿದ್ದಬೇಕಾಗಿ ಬಂದದ್ದು ಗೆಲಾಕ್ಸಿಗಳು ಬೆಳೆದ ಬಗೆಯ ಲೆಕ್ಕ. ಆದರೆ ವಿಶ್ವವು ಒಮ್ಮೆ ಅತಿ ಸಾಂದ್ರವೂ ಅತಿ ತಪ್ತವೂ ಆಗಿತ್ತೆಂದು ಹೇಳುವುದು ಬೇರೆ. ಅದೇ ಪ್ರಪ್ರಥಮ ಕ್ಷಣ, ಅದಕ್ಕೂ ಹಿಂದೆ ಏನೂ ಇರಲಿಲ್ಲವೆಂದು ಹೇಳುವುದು ಬೇರೆ. ಮೊದಲನೆಯದಕ್ಕೆ ಪ್ರಮಾಣವಿದೆ. ಎರಡನೆಯದು ಇನ್ನೂ ವಾದದ ಅಂಗಳದಲ್ಲಿದೆ. ಒಂದು ಕಲ್ಪದ ಅಂತ್ಯವೇ ಮುಂದಿನದರ ಆದಿಯೆಂದು ರೋಜರ್ ಪೆನ್‌ರೋಸ್ ವಾದಿಸುತ್ತಾರೆ. ದಡವೇ ಇಲ್ಲದ ಕಾಲವೊಂದನ್ನು ಹಾಕಿಂಗ್ ಮತ್ತು ಹಾರ್ಟಲ್ 1983ರಲ್ಲಿ ಪ್ರಸ್ತಾಪಿಸಿದರು.

ನಮ್ಮ ಹಿರಿಯರಾದರೂ ಈ ವಿಷಯದಲ್ಲಿ ಏಕಕಂಠದಿಂದ ಮಾತನಾಡಿದ್ದಾರೆಯೇ? ನೈಯಾಯಿಕರು ಪರಮಾಣುಗಳನ್ನು ಕೂಡಿಸುವ ಈಶ್ವರನನ್ನು ಅನುಮಾನದಿಂದ ಸಾಧಿಸಿದರು. ಮೀಮಾಂಸಕನಾದ ಕುಮಾರಿಲನು ಜಗತ್ತಿಗೆ ಆದಿಯನ್ನೇ ಒಪ್ಪಲಿಲ್ಲ. ರಾಷ್ಟ್ರಕೂಟರ ಕಾಲದ ಜಿನಸೇನಾಚಾರ್ಯರು ಸೃಷ್ಟಿಕರ್ತನ ಕಲ್ಪನೆಯನ್ನು ತರ್ಕದಿಂದ ಖಂಡಿಸಿದರು. ಋಗ್ವೇದದ ಹತ್ತನೆಯ ಮಂಡಲದ ನಾಸದೀಯ ಸೂಕ್ತವಂತೂ ಮುಗಿಯುವುದೇ ಸಂದೇಹದಲ್ಲಿ. ಬಯಲು ಎಂದ ನಮ್ಮ ಶರಣರು ಹೇಳುತ್ತಿದ್ದದ್ದು ಕೋಟಿ ವರ್ಷಗಳ ಹಿಂದಿನ ಒಂದು ಘಟನೆಯನ್ನಲ್ಲ. ಅಹಂಕಾರ ಕರಗಿದ ಅನುಭಾವದ ನೆಲೆಯನ್ನು. ಅದಕ್ಕೆ ಆಂಟೆನಾದ ಸಾಕ್ಷಿ ಬೇಕಾಗಿಲ್ಲ. ಆಂಟೆನಾ ಹೇಳಿದ್ದಕ್ಕೆ ಅದರ ಅನುಮೋದನೆಯೂ ಬೇಕಾಗಿಲ್ಲ.

ಆ ಹುಡುಗನು ಓದು ಮುಗಿಸಿ ಊರು ಬಿಟ್ಟು ಹೋಗಿದ್ದಾನೆ. ಈ ಪತ್ರಿಕೆ ಅವನ ಕೈಸೇರುವುದೋ ಇಲ್ಲವೋ ತಿಳಿಯದು. ಸೇರಿದರೆ, ಅಂದು ಕೊಡಬೇಕಾಗಿದ್ದ ಉತ್ತರ ಇದು: ಇಲ್ಲಪ್ಪಾ, ವಿಜ್ಞಾನಿಗಳು ಮಾತು ಬದಲಿಸಿದರೆ ಹಿರಿಯರ ಮಾತು ಸುಳ್ಳಾಗುವುದಿಲ್ಲ, ಸುಳ್ಳಾಗುವುದು ಅಂದು ನಾವಾಡಿದ ಮಾತು. ವಾಚಕರೇ, ನಿಮ್ಮ ಮನೆಯ ಮಕ್ಕಳು ಇಂತಹ ಪ್ರಶ್ನೆ ಕೇಳಿದಾಗ ಓದಿಕೋ ಹೋಗು ಎಂದು ಕಳುಹಿಸಬೇಡಿರಿ. ಉತ್ತರ ತಿಳಿಯದಿದ್ದರೆ ಅವರೊಡನೆ ಕುಳಿತು ನೀವೂ ಓದಿರಿ. ಮುಂದಿನ ಶ್ರಾವಣದ ಪ್ರವಚನವನ್ನು ನಾವು ಈ ತಿದ್ದುಪಡಿಯಿಂದಲೇ ಆರಂಭಿಸಲಿದ್ದೇವೆ.